ಸಕ್ಕರೆ ಕಾಯಿಲೆಗೆ ರಾಗಿ ಮುದ್ದೆ: ದೇಹದೊಳಗಿನ ಲೆಕ್ಕವೇ ಬೇರೆ

ನೆಲಮಂಗಲ: ಸಕ್ಕರೆ ಕಾಯಿಲೆ ಇದೆ ಎಂದು ವೈದ್ಯರು ತಿಳಿಸಿದ ದಿನದಿಂದಲೇ ಅನೇಕ ಮನೆಗಳಲ್ಲಿ ಅನ್ನದ ತಟ್ಟೆ ಬದಿಗೆ ಸರಿದು ಮುದ್ದೆ ಮುಂದೆ ಬರುತ್ತದೆ. ರಾಗಿ ಉಂಡರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಅನ್ನವನ್ನು ಸಂಪೂರ್ಣ ತ್ಯಜಿಸಿ ಹೊತ್ತಿಗೆ ಎರಡು ಮುದ್ದೆ ಉಣ್ಣುವವರ ರಕ್ತಪರೀಕ್ಷೆಯಲ್ಲಿಯೂ ಸಕ್ಕರೆ ಇಳಿಯದೆ ಇರಬಹುದು. ಇದು ರಾಗಿಯ ದೋಷವಲ್ಲ. ಇದರ ಉತ್ತರ ದೇಹದ ರಸಾಯನಶಾಸ್ತ್ರದಲ್ಲಿದೆ.

ರಾಗಿಯಲ್ಲಿ ಏನಿದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಹಾಗೂ 11 ಗ್ರಾಂ ನಾರು ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂಗಿಂತಲೂ ಕಡಿಮೆ, ನಾರು 3 ಗ್ರಾಂ ಸಹ ಇಲ್ಲ. ಈ ಎರಡು ವಿಷಯಗಳಲ್ಲಿ ರಾಗಿಯೇ ಮೇಲು.

ಪಿಷ್ಟದ ವಿಷಯ ಹಾಗಲ್ಲ. ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ ಇದ್ದರೆ, ರಾಗಿಯಲ್ಲಿ ಸುಮಾರು 67 ಗ್ರಾಂ. ಅಂತರ ದೊಡ್ಡದೇನಲ್ಲ. ಪಿಷ್ಟವೆಂದರೆ ಸಾವಿರಾರು ಗ್ಲೂಕೋಸ್ ಕಣಗಳನ್ನು ಮಣಿಗಳಂತೆ ಪೋಣಿಸಿದ ಸರ. ನಾಲಿಗೆಗೆ ಸಿಹಿ ಎನಿಸದಿದ್ದರೂ ಅದರೊಳಗೆ ಇರುವುದು ಸಕ್ಕರೆಯೇ.

ನುಂಗಿದ ಮೇಲೆ

ಕುದಿಯುವ ನೀರಿನಲ್ಲಿ ಹಿಟ್ಟು ಬೆಂದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಆಗ ಅವುಗಳನ್ನು ಕತ್ತರಿಸುವುದು ಕಿಣ್ವಗಳಿಗೆ ಸುಲಭ. ಬಾಯಿಯ ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಅಲ್ಲಿ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. ಹಾಗೆಂದು ಪಿಷ್ಟ ತಪ್ಪಿಸಿಕೊಳ್ಳುವುದಿಲ್ಲ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಸರವನ್ನು ತುಂಡರಿಸುತ್ತದೆ; ಕರುಳಿನ ಗೋಡೆಯ ಕಿಣ್ವಗಳು ಆ ತುಂಡುಗಳನ್ನು ಬಿಡಿ ಗ್ಲೂಕೋಸ್ ಆಗಿಸಿ ರಕ್ತಕ್ಕೆ ಸೇರಿಸುತ್ತವೆ.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಸಕ್ಕರೆಯ ಪ್ರಮಾಣ 100 ಮಿಲಿಲೀಟರಿಗೆ 100 ಮಿಲಿಗ್ರಾಂ ಎಂದರೆ, ಇಡೀ ರಕ್ತದಲ್ಲಿರುವ ಗ್ಲೂಕೋಸ್ ಕೇವಲ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. 100 ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಯಿಂದ 60 ಗ್ರಾಂಗೂ ಅಧಿಕ ಗ್ಲೂಕೋಸ್ ಹುಟ್ಟುತ್ತದೆ. ಅದು ಕೆಲವು ಗಂಟೆಗಳ ಅವಧಿಯಲ್ಲಿ ರಕ್ತಕ್ಕೆ ಬರುತ್ತದೆ. ಬಂದದ್ದನ್ನು ಸ್ನಾಯು, ಯಕೃತ್ತುಗಳಿಗೆ ಸಾಗಿಸಲು ನೆರವಾಗುವುದು ಇನ್ಸುಲಿನ್. ಅಲ್ಲಿ ಅದು ಗ್ಲೈಕೋಜನ್ ಆಗಿ ಸಂಗ್ರಹವಾಗುತ್ತದೆ, ಮಿಕ್ಕದ್ದು ಕೊಬ್ಬಾಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸಾಲದಾಗುತ್ತದೆ ಅಥವಾ ಅದರ ಮಾತನ್ನು ದೇಹ ಕೇಳದಾಗುತ್ತದೆ. ಗ್ಲೂಕೋಸ್ ರಕ್ತದಲ್ಲಿಯೇ ಉಳಿಯುತ್ತದೆ.

ಅಜ್ಜನ ಮುದ್ದೆ, ಮೊಮ್ಮಗನ ಮುದ್ದೆ

'ನಮ್ಮ ಅಜ್ಜ ಮೂರು ಮುದ್ದೆ ಉಂಡು ಗಟ್ಟಿಯಾಗಿರಲಿಲ್ಲವೇ' ಎಂಬ ಪ್ರಶ್ನೆ ಸಹಜ. ಅಜ್ಜ ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದರು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಮೊಮ್ಮಗ ಉಂಡು ದಾಬಸ್‌ಪೇಟೆಯ ಕಾರ್ಖಾನೆಗೋ ಬೆಂಗಳೂರಿನ ಕಚೇರಿಗೋ ಹೋಗಿ ದಿನವಿಡೀ ಕುಳಿತು ಕೆಲಸ ಮಾಡುತ್ತಾನೆ. ಮುದ್ದೆ ಬದಲಾಗಿಲ್ಲ, ಅದನ್ನು ಖರ್ಚು ಮಾಡುವ ದಾರಿ ಮುಚ್ಚಿದೆ.

ಗಮನಿಸಬೇಕಾದದ್ದು

* ಮುದ್ದೆಯ ಗಾತ್ರ ಮುಖ್ಯ. ಅನ್ನ ಬಿಟ್ಟ ಮಾತ್ರಕ್ಕೆ ಮುದ್ದೆಯನ್ನು ದೊಡ್ಡದು ಮಾಡಬಾರದು.

* ಬಸ್ಸಾರು, ಸೊಪ್ಪಿನ ಪಲ್ಯ, ಅವರೆ ಮೊದಲಾದ ಕಾಳುಗಳ ಜತೆ ಉಂಡರೆ ಅವುಗಳ ನಾರು ಮತ್ತು ಪ್ರೋಟೀನು ಗ್ಲೂಕೋಸ್ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತವೆ.

* ನುಣುಪಾದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ. ಬೆಲ್ಲ ಬೆರೆಸಿದರೆ ಸಕ್ಕರೆ ಇನ್ನಷ್ಟು ಏರುತ್ತದೆ.

* ಉಂಡ ಬಳಿಕ ಸ್ವಲ್ಪ ಹೊತ್ತು ನಡೆಯುವುದು ಒಳ್ಳೆಯದು.

* ಎಚ್‌ಬಿಎ1ಸಿ ಪರೀಕ್ಷೆ ನಿಜಸ್ಥಿತಿ ತಿಳಿಸುತ್ತದೆ. ಗ್ಲೂಕೋಸ್ ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆ ಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿದರೆ ಸಾಲದು. ಕಳೆದ ಎರಡು-ಮೂರು ತಿಂಗಳ ಸರಾಸರಿ ಅದರಲ್ಲಿ ದಾಖಲಾಗಿರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ರಾಗಿಯನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸುವುದು. ಅದೇ ರೀತಿ ಔಷಧ ತೆಗೆದುಕೊಳ್ಳುತ್ತಿರುವವರು ಊಟವನ್ನು ಏಕಾಏಕಿ ಕಡಿತಗೊಳಿಸಿದರೆ ಸಕ್ಕರೆ ಅತಿಯಾಗಿ ಕುಸಿದು ಪ್ರಜ್ಞೆ ತಪ್ಪುವ ಸಂಭವವೂ ಉಂಟು. ಯಾವುದೇ ಬದಲಾವಣೆಯನ್ನು ವೈದ್ಯರ ಸಲಹೆ ಪಡೆದೇ ಮಾಡಬೇಕು. ರಾಗಿ ಉತ್ತಮ ಆಹಾರ ಎಂಬುದು ನಿಜ. ಆದರೆ ಅದು ಔಷಧವಲ್ಲ.