ಬಂದರ್‌ನ ಉಪ್ಪುಗಾಳಿಗೆ ತಾಳುವ ಗಿಳಿಪಂಜರ

ಮಂಗಳೂರಿನ ಬಂದರ್‌ನಲ್ಲಿ ಗಿಳಿಗೆ ಪಂಜರ ಹುಡುಕ್ತಿದ್ದೀರಾ? ಮೊದಲು ಗಿಳಿ ಯಾವುದು ಹೇಳಿ. ನಮ್ಮ ತೋಟಕ್ಕೆ ಬರುವ ಹಸಿರು ಗಿಳಿಯಾದರೆ ಪಂಜರವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ. ಲವ್‌ಬರ್ಡ್, ಕಾಕಟೀಲ್ ಆದರೆ ಮುಂದೆ ಕೇಳಿ.

ಇಲ್ಲಿ ದೊಡ್ಡ ಶತ್ರು ಉಪ್ಪುಗಾಳಿ. ಬಣ್ಣ ಬಳಿದ ಅಗ್ಗದ ಕಬ್ಬಿಣಕ್ಕೆ ಬೆಸುಗೆಯ ಜಾಗದಿಂದಲೇ ತುಕ್ಕು ಶುರು. ಸತು ಲೇಪದ ತಂತಿ ಇನ್ನೂ ಅಪಾಯ. ಗಿಳಿ ಪಂಜರ ಹತ್ತುವುದೇ ಕೊಕ್ಕಿನಿಂದ. ಕಚ್ಚಿ ಕಚ್ಚಿ ಎದ್ದ ಸತು ಹೊಟ್ಟೆ ಸೇರಿದರೆ ವಿಷ.

ಅಂಗಡಿಗೆ ಹೋಗುವಾಗ ಜೇಬಲ್ಲೊಂದು ಅಯಸ್ಕಾಂತ ಇರಲಿ. ಕಂಬಿಗೆ ಟಕ್ಕಂತ ಅಂಟಿತೋ, ‘ಒಳ್ಳೇ ಸ್ಟೀಲ್ ಮಾರಾಯ್ರೆ’ ಅಂದರೂ ನಂಬಬೇಡಿ. 304 ಸ್ಟೇನ್‌ಲೆಸ್ ಸ್ಟೀಲ್ ಸಾಕು. ಕಡಲಗಾಳಿಗೆ 316 ಇನ್ನೂ ತಾಳುತ್ತದೆ, ರೇಟೂ ಹಾಗೇ ಏರುತ್ತದೆ.

ಕಂಬಿಗಳ ಸಂದು ಲವ್‌ಬರ್ಡ್‌ಗೆ 12 ಮಿ.ಮೀ., ಕಾಕಟೀಲ್‌ಗೆ 15ರ ಆಸುಪಾಸು. ಹೆಚ್ಚಾದರೆ ತಲೆ ಸಿಕ್ಕಿಕೊಳ್ಳುತ್ತದೆ. ಎತ್ತರಕ್ಕಿಂತ ಉದ್ದ ನೋಡಿ, ಹಕ್ಕಿ ಹಾರುವುದು ಲಿಫ್ಟ್‌ನಂತೆ ಮೇಲಕ್ಕಲ್ಲ. ಗುಮ್ಮಟದ ಪಂಜರ? ಸಿನಿಮಾಕ್ಕೆ ಚಂದ.

ಪ್ಲಾಸ್ಟಿಕ್ ಕೋಲು ತೆಗೆದು ಪೇರಳೆ ಗೆಲ್ಲು ಕಟ್ಟಿ. ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ: ಅತಿಯಾಗಿ ಕಾದ ನಾನ್‌ಸ್ಟಿಕ್ ಕಾವಲಿಯ ಹೊಗೆ ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು.