ಪ್ರಮಾಣದಿಂದ ವಿಧಿಗೆ

ವೈದ್ಯನು ಬರೆದುಕೊಡುವ ಔಷಧವು ಅವನ ಗುರುವಿನ ಉಪದೇಶದಿಂದ ಬಂದುದೋ, ಸ್ವಾನುಭವದಿಂದ ಬಂದುದೋ, ಇಲ್ಲವೆ ಆ ವಿಷಯವಾಗಿ ಲೋಕದಲ್ಲಿ ನಡೆದ ಸಕಲ ಪರೀಕ್ಷೆಗಳ ಸಾರದಿಂದ ಬಂದುದೋ ಎಂದು ರೋಗಿಯಾದವನು ವಿಚಾರಿಸುವುದು ಅಪೂರ್ವ. ವಿಚಾರಿಸತಕ್ಕ ವಿಷಯವೇ ಅದು ಎಂಬುದಕ್ಕೆ, ದಿನ ತುಂಬದೆ ಹುಟ್ಟುವ ಶಿಶುಗಳ ವೃತ್ತಾಂತವೊಂದೇ ಸಾಕು.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಲಿಗಿನ್ಸ್ ಎಂಬ ಪ್ರಸೂತಿತಜ್ಞರು ಗರ್ಭಸ್ಥ ಕುರಿಮರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಪರೀಕ್ಷಿಸುತ್ತಿದ್ದಾಗ, ಬದುಕಲಾರದಷ್ಟು ಮುಂಚೆ ಹುಟ್ಟಿದ ಮರಿಯ ಶ್ವಾಸಕೋಶಗಳು ಗಾಳಿ ತುಂಬಿಕೊಂಡು ಅರಳಿದ್ದುದನ್ನು ಕಂಡರು. ಶಿಶುವೈದ್ಯರಾದ ಹೋವಿ ಅವರೊಡಗೂಡಿ 282 ತಾಯಂದಿರಲ್ಲಿ ಅವರು ನಡೆಸಿದ ಪರೀಕ್ಷೆಯ ಫಲ 1972ರಲ್ಲಿ ಪ್ರಕಟವಾಯಿತು. ಹೆರಿಗೆಗೆ ಮುನ್ನ ತಾಯಿಗೆ ಬೀಟಾಮೆಥಸೋನ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಉಸಿರಾಟದ ತೊಂದರೆಯೂ ಮರಣವೂ ಕಡಿಮೆಯಾಗುವುವೆಂದು ಅದರಿಂದ ತಿಳಿದುಬಂದಿತು. ಬಳಿಕ ಹಲವೆಡೆ ಪರೀಕ್ಷೆಗಳು ನಡೆದುವು. ಆದರೆ ಬಹುಪಾಲು ಚಿಕ್ಕವಾದುದರಿಂದ, ಬಿಡಿಬಿಡಿಯಾಗಿ ಓದಿದ ವೈದ್ಯರಲ್ಲಿ ಅನೇಕರು ಸಂಶಯದಲ್ಲಿಯೇ ಉಳಿದರು. 1990ರಲ್ಲಿ ಪೆಟ್ರೀಶಿಯಾ ಕ್ರೌಲಿ ಮತ್ತು ಸಂಗಡಿಗರು 12 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ನಿಸ್ಸಂದೇಹವಾಗಿ ಗೋಚರಿಸಿತು. 1994ರಲ್ಲಿ ಅಮೆರಿಕದ ತಜ್ಞಸಭೆಯೊಂದು ಈ ಚಿಕಿತ್ಸೆಯನ್ನು ವಿಧಿಸಿತು. ಹೀಗೆ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡುವುದಕ್ಕೆಂದೇ 1993ರಲ್ಲಿ ಸ್ಥಾಪಿತವಾದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವುದೂ ಇದೇ ಕಥೆ: ಅಡ್ಡಗೆರೆ ಒಂದೊಂದೂ ಒಂದು ಪರೀಕ್ಷೆ, ಕೆಳಗಣ ವಜ್ರಾಕೃತಿ ಅವೆಲ್ಲದರ ಕೂಡಿದ ಫಲ.

ಇಂತಹ ಕ್ರಮಬದ್ಧ ಸಮೀಕ್ಷೆಯಲ್ಲಿ ಪ್ರಶ್ನೆಯನ್ನು ಮೊದಲೇ ನಿಷ್ಕರ್ಷಿಸಿ, ಅನುಕೂಲವಾದುವನ್ನಷ್ಟೇ ಆಯದೆ, ಅಚ್ಚಾಗದೆ ಉಳಿದುವನ್ನೂ ಅರಸಿ, ಇಬ್ಬರು ಬೇರೆಬೇರೆಯಾಗಿ ಪ್ರತಿಯೊಂದರ ಗುಣದೋಷಗಳನ್ನು ಅಳೆಯುತ್ತಾರೆ. ಆದರೆ ಸಮೀಕ್ಷೆಯೇ ಮಾರ್ಗಸೂಚಿಯಲ್ಲ. ಮಾರ್ಗಸೂಚಿಯನ್ನು ರಚಿಸುವವರು ಪ್ರಮಾಣದ ಬಲವನ್ನಲ್ಲದೆ ಹಾನಿ, ವೆಚ್ಚ, ರೋಗಿಯ ಇಚ್ಛೆ, ಆಸ್ಪತ್ರೆಯ ಸಾಮರ್ಥ್ಯಗಳನ್ನೂ ತೂಗಿನೋಡಬೇಕು.

ಈ ಭೇದವನ್ನು ಮನಗಾಣಿಸಿದ ಪರೀಕ್ಷೆಗಳಲ್ಲಿ ನಮ್ಮ ಬೆಳಗಾವಿಯೂ ಪಾಲುಗೊಂಡಿತು. ಇದೇ ಬಗೆಯ ಚುಚ್ಚುಮದ್ದನ್ನು ಆರು ದೇಶಗಳ ಹಳ್ಳಿಪಟ್ಟಣಗಳಿಗೆ ಒಯ್ದ, 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗರ್ಭದ ವಾರಗಳು ತಿಳಿಯದೆಡೆ ಬಣ್ಣದ ಪಟ್ಟಿಯೊಂದರಿಂದ ಗರ್ಭಕೋಶದ ಎತ್ತರವನ್ನಳೆದು ಅಂದಾಜು ಮಾಡಲಾಗುತ್ತಿತ್ತು. ಒಟ್ಟು ನವಜಾತ ಶಿಶುಮರಣ ಇಳಿಯುವುದಕ್ಕೆ ಬದಲು ಏರಿತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯು ವಾರಗಳ ನಿಖರ ಗಣನೆ, ಸೋಂಕಿಲ್ಲದಿರುವಿಕೆ, ಹೆರಿಗೆಯಲ್ಲಿಯೂ ಕೂಸಿಗೂ ತಕ್ಕ ಆರೈಕೆ ಮೊದಲಾದ ನಿಬಂಧನೆಗಳನ್ನು ವಿಧಿಸಿತು. ತರುವಾಯ ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಅಲ್ಟ್ರಾಸೌಂಡ್ ಮೂಲಕ ವಾರಗಳನ್ನು ನಿಶ್ಚಯಿಸಿಕೊಂಡು 2,852 ತಾಯಂದಿರಲ್ಲಿ ನಡೆದು, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಶಿಶುಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. 2022ರಲ್ಲಿ ಆ ಸಂಸ್ಥೆ ತನ್ನ ವಿಧಿಯನ್ನು ಪರಿಷ್ಕರಿಸಿತು.

ಆದಕಾರಣ, ಯಾವ ಮಾರ್ಗಸೂಚಿಯನ್ನಾದರೂ ಓದುವವನು ‘ಇದನ್ನು ಕೊಡತಕ್ಕದ್ದು’ ಎಂಬ ವಾಕ್ಯಕ್ಕೆ ನಿಲ್ಲದೆ, ಯಾರಿಗೆ, ಎಲ್ಲಿ, ಯಾವ ಏರ್ಪಾಡುಗಳಿರುವಲ್ಲಿ ಎಂಬ ಉಪವಾಕ್ಯಗಳನ್ನೂ ಓದಬೇಕು. ಈ ವೃತ್ತಾಂತದಲ್ಲಿ ಶಿಶುಗಳ ಅಳಿವು ಉಳಿವುಗಳು ನಿಂತದ್ದು ಅವುಗಳ ಮೇಲೆಯೇ.