ತೆರೆಯ ಮೇಲೆ ಸಲಿಂಗ ಪ್ರೇಮ
1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹಾಲಿವುಡ್‌ನ ಹೇಸ್ ಸಂಹಿತೆ ಸಲಿಂಗ ಪ್ರೇಮವನ್ನು ತೆರೆಯಿಂದ ದೂರವಿಟ್ಟಿತು. ಇಬ್ಬರು ಶಿಕ್ಷಕಿಯರ ಮೇಲೆ ಅಂಥ ಆರೋಪ ಬರುವ ಲಿಲಿಯನ್ ಹೆಲ್‌ಮನ್ ನಾಟಕವನ್ನು 1936ರಲ್ಲಿ ಸಿನಿಮಾ ಮಾಡಿದ ವಿಲಿಯಂ ವೈಲರ್, ಅದನ್ನು ಮಾಮೂಲಿ ತ್ರಿಕೋನ ಪ್ರೇಮವಾಗಿ ಬದಲಿಸಬೇಕಾಯಿತು. 1961ರಲ್ಲಿ ಅವರೇ ‘ದಿ ಚಿಲ್ಡ್ರನ್ಸ್ ಅವರ್’ ಹೆಸರಿನಲ್ಲಿ ಮೂಲಕಥೆಗೆ ಮರಳಿದರು. ಅಲ್ಲಿ ಶಿಕ್ಷಕಿಯರಲ್ಲಿ ಒಬ್ಬಳಾದ ಮಾರ್ಥಾ ಗೆಳತಿಯ ಮುಂದೆ ಅಳುತ್ತಾ ತನ್ನ ಪ್ರೀತಿ ಒಪ್ಪಿಕೊಳ್ಳುತ್ತಾಳೆ, ಬಳಿಕ ನೇಣಿಗೆ ಶರಣಾಗುತ್ತಾಳೆ. ಮಾತಿಗೆ ಅವಕಾಶ ಸಿಕ್ಕಿತು, ಬದುಕಿಗೆ ಸಿಗಲಿಲ್ಲ.

ದೀಪಾ ಮೆಹ್ತಾ ಅವರ ‘ಫೈರ್’ ಹೆಚ್ಚಿನ ಧೈರ್ಯ ತೋರಿತು: ನಾಯಕಿ ರಾಧಾ ಬೆಂಕಿಯಿಂದ ಪಾರಾಗಿ ತಾನು ಪ್ರೀತಿಸುವ ಸೀತೆಯನ್ನು ಸೇರುತ್ತಾಳೆ. 1998ರಲ್ಲಿ ಅದನ್ನು ತೋರಿಸುತ್ತಿದ್ದ ಮುಂಬೈ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿಗಳಾದವು. 2023ರ ಮಲಯಾಳಂನ ‘ಕಾದಲ್’ ಚಿತ್ರದಲ್ಲಿ ಮಮ್ಮುಟ್ಟಿಯ ಪಾತ್ರವನ್ನು, ಸಲಿಂಗಿ ಎಂಬ ಗುಟ್ಟು ಬಯಲಾದ ಮೇಲೂ, ಊರಿನವರು ಚುನಾವಣೆಯಲ್ಲಿ ಗೆಲ್ಲಿಸುತ್ತಾರೆ.